ಪಲ್ಪರಿನ ಕೊಳೆನೀರೂ ಹಳ್ಳದ ಕೆಳಗಿನವರ ಆರೋಗ್ಯವೂ

ಚಿಕ್ಕಮಗಳೂರು ಜಿಲ್ಲೆಯ ಕಾಫಿ ಸೀಮೆಯಲ್ಲಿ ಹಣ್ಣಿನ ಕುಯ್ಲು ಸಾಮಾನ್ಯವಾಗಿ ನವೆಂಬರಿನಿಂದ ಮಾರ್ಚಿಯವರೆಗೆ ನಡೆಯುವುದು. ಮಳೆ ನಿಂತು ಹಳ್ಳಗಳ ಹರಿವು ದಿನೇ ದಿನೇ ಕುಗ್ಗುವ ಕಾಲವೂ ಅದೇ. ಪಾರ್ಚ್‌ಮೆಂಟ್ ಕಾಫಿ ಮಾಡುವವರು ಹಣ್ಣನ್ನು ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಿ, ಬೀಜದ ಮೇಲಣ ಲೋಳೆಯನ್ನು ತೊಳೆಯುವರು. ಈ ನೀರನ್ನು ಹಾಗೆಯೇ ಹಳ್ಳಕ್ಕೆ ಬಿಟ್ಟರೆ ಅದರ ಕೆಡುಕು ಯಾರಿಗೆ ತಟ್ಟುವುದೆಂಬುದನ್ನು ತೋಟದ ಯಜಮಾನರೂ ಗ್ರಾಮದ ಮುಖಂಡರೂ ವಿಚಾರಿಸತಕ್ಕದ್ದು.

ನೀರು ಕೆಡುವ ಬಗೆ: ಹಣ್ಣಿನ ತಿರುಳಿನಲ್ಲಿಯೂ ಲೋಳೆಯಲ್ಲಿಯೂ ಸಕ್ಕರೆಯ ಅಂಶವು ಹೆಚ್ಚು. ಅದು ನೀರಿನಲ್ಲಿ ಕರಗಿ, ಹುಳಿತು, ನೀರನ್ನು ಆಮ್ಲವನ್ನಾಗಿ ಮಾಡುವುದು. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಹಳ್ಳದ ನೀರಿನಲ್ಲಿರುವ ಆಮ್ಲಜನಕವನ್ನು ಹೀರಿಬಿಡುವುದರಿಂದ ಮೀನುಗಳು ಸಾಯುವವು. ನೀರು ಕಪ್ಪಾಗಿ ನಾರುವುದು. ಕುದಿಸಿದರೆ ರೋಗಾಣುಗಳು ಸಾಯುವುವೇ ಹೊರತು ಈ ಹುಳಿಯೂ ಕೊಳೆಯೂ ಹೋಗವು.

ತೊಂದರೆ ಯಾರಿಗೆ: ಯಜಮಾನರ ಬಂಗಲೆಗೆ ಸ್ವಂತ ಬಾವಿಯುಂಟು, ಕೊಳವೆಯುಂಟು. ಹಳ್ಳದ ಕೆಳಪಾತ್ರದಲ್ಲಿರುವ ಲೈನುಮನೆಯವರಿಗೂ, ಪರಿಶಿಷ್ಟ ಜಾತಿಯವರ ಕಾಲೊನಿಗೂ, ಕುಯ್ಲಿಗೆಂದು ದೂರ ದೇಶದಿಂದ ಬಂದ ಕೂಲಿಯವರಿಗೂ ಎಷ್ಟೋ ಕಡೆ ಆ ಹಳ್ಳವೇ ಆಧಾರ. ಹಗಲೆಲ್ಲಾ ಹಣ್ಣು ಕುಯ್ದವರು ಸಂಜೆ ಆ ಹಣ್ಣಿನ ಕೊಳೆಯಲ್ಲಿಯೇ ಮೈತೊಳೆಯಬೇಕಾಗುವುದು. ಕಾಫಿಯ ತೌರಾದ ಇಥಿಯೋಪಿಯದ ಜಿಮ್ಮಾ ಪ್ರಾಂತದಲ್ಲಿ ಇಂತಹ ನೀರನ್ನು ಬಳಸಿದ ಜನರನ್ನು ವಿಚಾರಿಸಿದಾಗ ಚರ್ಮದ ನವೆ, ಕಣ್ಣುರಿ, ಹೊಟ್ಟೆನೋವು, ತಲೆಸುತ್ತುಗಳು ಕಂಡುಬಂದವು. ನಮ್ಮ ಹಳ್ಳಗಳಾದರೂ ಮೂಡಿಗೆರೆಯ ಕಡೆ ಹೇಮಾವತಿಗೂ ಕಳಸದ ಕಡೆ ಭದ್ರೆಗೂ ಸೇರುವುದರಿಂದ ದೋಷವು ಒಂದು ತೋಟದ ಎಲ್ಲೆಯಲ್ಲಿ ನಿಲ್ಲದು.

ಪರಿಹಾರಗಳು:

1. ಸಿಪ್ಪೆಯನ್ನು ನೀರಿನೊಡನೆ ಹರಿಯಬಿಡದೆ ಜಾಲರಿಯಿಂದ ಬೇರ್ಪಡಿಸಿ, ಸಗಣಿಯೊಡನೆ ಗುಂಡಿಯಲ್ಲಿ ಕೊಳೆಯಿಸಿ ಗೊಬ್ಬರಮಾಡಬೇಕು.

2. ಪಲ್ಪರಿನ ನೀರನ್ನು ಸೋಸಿ ಅದೇ ದಿನ ಪುನಃ ಬಳಸಿದರೆ ಕೊಳೆನೀರಿನ ಮೊತ್ತವು ಬಹಳ ಕಡಿಮೆಯಾಗುವುದು.

3. ಕೊಳೆನೀರಿಗೆ, ನೀಲಿ ಲಿಟ್ಮಸ್ ಕಾಗದವು ಕೆಂಪಾಗದವರೆಗೂ, ಸುಣ್ಣದ ತಿಳಿಯನ್ನು ಬೆರಸಬೇಕು. ಅನಂತರ ತಳಕ್ಕೆ ಜೇಡಿಮಣ್ಣು ಮೆತ್ತಿದ ಗುಂಡಿಗಳಲ್ಲಿ, ಮೊದಲು ಗಾಳಿಯಿಲ್ಲದೆಯೂ ಬಳಿಕ ಗಾಳಿಯಾಡುವಂತೆಯೂ ನಿಲ್ಲಿಸಬೇಕು. ಗುಂಡಿಗಳು ಬಾವಿಗೂ ಹಳ್ಳಕ್ಕೂ ದೂರವಿರಲಿ.

4. ಕುಯ್ಲಿಗೆ ಮುಂಚೆಯೇ ಲೈನುಗಳಿಗೆ ಬೇರೆ ಕುಡಿಯುವ ನೀರನ್ನು ಏರ್ಪಡಿಸಬೇಕು.

ತೋಟದ ಕೂಲಿಗಾರರಿಗೆ ಶುದ್ಧವಾದ ನೀರನ್ನೊದಗಿಸುವ ಹೊಣೆಯನ್ನು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯೇ ಮಾಲೀಕರಿಗೆ ವಿಧಿಸಿತು. ಹೊಳೆಹಳ್ಳಗಳಿಗೆ ಕೊಳೆ ಬಿಡುವುದನ್ನು 1974ರ ಜಲಮಾಲಿನ್ಯ ಕಾಯಿದೆಯು ನಿಷೇಧಿಸಿದೆ. ಸಲಹೆ ಬೇಕಾದವರು ಬಾಳೆಹೊನ್ನೂರಿನ ಬಳಿಯ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯವರನ್ನು ಕೇಳಬಹುದು. ಕುಯ್ಲಿನ ಕಾಲದಲ್ಲಿ ಲೈನಿನಲ್ಲಿ ಒಬ್ಬನು ಮಲಗಿದರೆ ಅವನ ಮನೆಗೆ ಆ ದಿನದ ಕೂಲಿಯಿಲ್ಲ, ತೋಟಕ್ಕೆ ಒಂದು ಆಳಿಲ್ಲ. ಆದಕಾರಣ ಮುಖಂಡರು ಕುಯ್ಲು ನಡೆಯುವಾಗ ಒಂದು ದಿನ ಪಲ್ಪರಿನ ಮನೆಯಿಂದ ಹಳ್ಳದ ಗುಂಟ ಕೆಳಗೆ ನಡೆದು, ಕೊನೆಯ ಮನೆಯವರು ಕೊಡದಲ್ಲಿ ತುಂಬುವ ನೀರನ್ನು ತಾವೇ ಕಣ್ಣಾರೆ ನೋಡತಕ್ಕದ್ದು.