ಹಳೆಯ ಜೀಪಿನ ವಿದ್ಯುತ್ತು: ದೋಷ ಹುಡುಕುವ ಕ್ರಮ, ಸುಧಾರಿಸುವ ಕ್ರಮ

ಬೆಳಿಗ್ಗೆ ಜೀಪು ಸೆಲ್ಫ್ ತೆಗೆದುಕೊಳ್ಳಲಿಲ್ಲವೆಂದರೆ ನಮ್ಮವರು ಮಾಡುವ ಮೊದಲ ಕೆಲಸ ಹೊಸ ಬ್ಯಾಟರಿ ಕೊಳ್ಳುವುದು. ಎಂಟು ದಿನ ಗಾಡಿ ಸರಿಯಾಗಿ ಓಡುತ್ತದೆ. ಒಂಬತ್ತನೆಯ ದಿನ ಮತ್ತೆ ಅದೇ ಪಾಡು. ಆಮೇಲೆ ಡೈನಮೋ ಬಿಚ್ಚಿಸುತ್ತಾರೆ, ಆಮೇಲೆ ಸೆಲ್ಫ್ ಮೋಟಾರು. ಹೀಗೆ ಮೂರು ಸಾಮಾನು ಬದಲಾದ ಮೇಲೂ ದೋಷ ಇದ್ದಲ್ಲಿಯೇ ಇರುತ್ತದೆ. ಏಕೆಂದರೆ ಅದು ಆ ಮೂರರಲ್ಲಿ ಯಾವುದರಲ್ಲಿಯೂ ಇರಲಿಲ್ಲ, ಅವುಗಳನ್ನು ಕೂಡಿಸುವ ದಾರಿಯಲ್ಲಿತ್ತು. ಹಳೆಯ ನಾಲ್ಕು ಚಕ್ರ ಎಳೆತದ ಗಾಡಿಗಳ ವಿಷಯದಲ್ಲಿ ಇದು ಅಪರೂಪದ ಮಾತಲ್ಲ, ನಿತ್ಯದ ಮಾತು.

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಗ್ಯಾರೇಜು ಕೆಲಸದವರಿದ್ದಾರೆ, ಡ್ರೈವರ್ ಬಂಧುಗಳಿದ್ದಾರೆ. ಆಫೀಸಿನಲ್ಲಿ ಲೆಕ್ಕ ಬರೆಯುತ್ತ, ಸಂಬಳದಲ್ಲಿ ಉಳಿಸಿ ಊರಿನ ತಮ್ಮನಿಗೆ ಬಾಡಿಗೆ ಓಡಿಸಲೆಂದು ಹಳೆಯ ಜೀಪು ಕೊಡಿಸಿದವರೂ ಇರಬಹುದು. ಮಡಿಕೇರಿಯಿಂದ ಮಾಂದಲಪಟ್ಟಿಗೆ, ಕಳಸ ಕುದುರೆಮುಖದ ಕಡೆಯ ಎಸ್ಟೇಟು ದಾರಿಗಳಿಗೆ ಇಂಥ ಜೀಪುಗಳೇ ಜೀವನೋಪಾಯ. ಗಾಡಿ ಒಂದು ದಿನ ನಿಂತರೆ ಒಂದು ದಿನದ ದುಡಿಮೆ ಹೋಯಿತು. ಮಳೆಗಾಲದ ರಾತ್ರಿ ಘಾಟಿಯಲ್ಲಿ ದೀಪ ಮಂಕಾದರೆ ಹೋಗುವುದು ದುಡಿಮೆಯಷ್ಟೇ ಅಲ್ಲ. ಆದುದರಿಂದ ಈ ಪಾಠವನ್ನು ಸ್ವಲ್ಪ ನಿಧಾನವಾಗಿಯೇ ಓದಬೇಕೆಂದು ಕೋರಿಕೆ.

ಈ ಜೀಪಿಗೂ ನಮ್ಮ ಮುಂಬಯಿಗೂ ಹಳೆಯ ನಂಟು. 1945ರಲ್ಲಿ ಆರಂಭವಾದ ಮಹೀಂದ್ರ ಕಂಪನಿಯು ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಝಗಾಂವ್‌ನಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಬಿಡಿಭಾಗ ತರಿಸಿ ಜೋಡಿಸತೊಡಗಿತು. ಯುದ್ಧಕಾಲದ ವಿಲ್ಲಿಸ್ ಜೀಪಿನದು 6 ವೋಲ್ಟಿನ ವ್ಯವಸ್ಥೆ. ಮುಂದೆ 12 ವೋಲ್ಟು ಬಂತು, ಪೆಟ್ರೋಲಿನ ಜಾಗಕ್ಕೆ ಡೀಸೆಲ್ ಎಂಜಿನ್ ಬಂತು, ಡೈನಮೋ ಹೋಗಿ ಆಲ್ಟರ್ನೇಟರು ಬಂತು. ಮೈಕಟ್ಟು ಮಾತ್ರ ಬಹುಕಾಲ ಹಾಗೆಯೇ ಉಳಿಯಿತು. ಹೀಗಾಗಿ ಇಂದು ಓಡುತ್ತಿರುವ ಹಳೆಯ ಜೀಪೊಂದನ್ನು ಬಿಚ್ಚಿ ನೋಡಿದರೆ ಮೂರು ಕಾಲದ ತಂತಿಗಳು ಒಂದೇ ಗೊಂಚಲಿನಲ್ಲಿ ಸಿಗುತ್ತವೆ. ಬಣ್ಣಕ್ಕೂ ಕೆಲಸಕ್ಕೂ ಸಂಬಂಧವೇ ಇರುವುದಿಲ್ಲ.

ಮೊದಲು ದಾರಿಯನ್ನು ತಿಳಿಯೋಣ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಕೆಲಸ ಮುಗಿಸಿ ಬ್ಯಾಟರಿಗೇ ಹಿಂದಿರುಗಬೇಕು. ಹೋಗುವುದಕ್ಕೆ ತಂತಿಯಿದೆ. ಬರುವುದಕ್ಕೆ ಬೇರೆ ತಂತಿ ಇಲ್ಲ. ಗಾಡಿಯ ಕಬ್ಬಿಣದ ಮೈಯೇ ದಾರಿ. ಇದನ್ನೇ ಅರ್ತ್ ಎನ್ನುತ್ತೇವೆ. ಹೊಸ ಗಾಡಿಯಲ್ಲಿ ಈ ಏರ್ಪಾಡು ಚೆನ್ನಾಗಿಯೇ ನಡೆಯುತ್ತದೆ. ಆದರೆ ನಮ್ಮ ಜೀಪು ಹಳ್ಳ ದಾಟುತ್ತದೆ, ಕೆಸರು ಮೆತ್ತಿಕೊಳ್ಳುತ್ತದೆ, ಎಸ್ಟೇಟಿನ ಕಲ್ಲುದಾರಿಯಲ್ಲಿ ನಡುಗುತ್ತದೆ. ಬೋಲ್ಟಿನಡಿ ತುಕ್ಕು ಹಿಡಿಯುತ್ತದೆ. ಮಾಲಿಕರು ಪ್ರೀತಿಯಿಂದ ಬಣ್ಣ ಬಳಿಸುತ್ತಾರೆ, ಆ ಬಣ್ಣ ಅರ್ತ್ ಬೋಲ್ಟಿನ ಕೆಳಗೂ ಹೋಗಿ ಕೂರುತ್ತದೆ. ತುಕ್ಕೂ ಬಣ್ಣವೂ ವಿದ್ಯುತ್ತಿಗೆ ಗೋಡೆಯಿದ್ದಂತೆ.

ಇನ್ನೊಂದು ಸೂಕ್ಷ್ಮವಿದೆ. ಎಂಜಿನ್ನು ಛಾಸಿಯ ಮೇಲೆ ನೇರವಾಗಿ ಕೂತಿಲ್ಲ, ರಬ್ಬರಿನ ಮೇಲೆ ಕೂತಿದೆ. ರಬ್ಬರಿನ ಮೂಲಕ ವಿದ್ಯುತ್ತು ಹಾಯುವುದಿಲ್ಲ. ಆದುದರಿಂದ ಎಂಜಿನ್ನಿಗೂ ಛಾಸಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಕಟ್ಟಿರುತ್ತಾರೆ. ಕ್ಲಚ್ಚು ಬದಲಿಸಲೆಂದು ಎಂಜಿನ್ ಇಳಿಸಿದವರು ಮರಳಿ ಕಟ್ಟಲು ಮರೆಯುವ ವಸ್ತು ಇದೇ. ಆಗ ಸೆಲ್ಫ್ ಮೋಟಾರಿನ ದೊಡ್ಡ ಪ್ರವಾಹವು ಸಿಕ್ಕ ದಾರಿ ಹಿಡಿಯುತ್ತದೆ, ಅಂದರೆ ಆಕ್ಸಿಲರೇಟರಿನ ಕೇಬಲ್ಲು, ಚೋಕಿನ ಕೇಬಲ್ಲು. ಸೆಲ್ಫ್ ಹೊಡೆದಾಗ ಚೋಕಿನ ಕೇಬಲ್ಲು ಬಿಸಿಯಾಯಿತೆಂದರೆ ಬೇರೆ ಪರೀಕ್ಷೆಯೇ ಬೇಡ, ಆ ಪಟ್ಟಿಯನ್ನು ನೋಡಬೇಕು.

ಈಗ ಸ್ವಲ್ಪ ಲೆಕ್ಕ. ದಾರಿಯಲ್ಲಿ ಎಷ್ಟು ತಡೆಯಿದೆ ಎಂಬುದನ್ನು ಓಮ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಪ್ರವಾಹವನ್ನು ತಡೆಯಿಂದ ಗುಣಿಸಿದರೆ ದಾರಿಯಲ್ಲಿ ಕಳೆದುಹೋಗುವ ವೋಲ್ಟು ಸಿಗುತ್ತದೆ. ತುಕ್ಕು ಹಿಡಿದ ಒಂದು ಜೋಡಣೆಯ ತಡೆ ಓಮಿನ ನೂರನೆಯ ಒಂದು ಪಾಲು, ಅಂದರೆ 0.01 ಎಂದಿಟ್ಟುಕೊಳ್ಳಿ. 5 ವ್ಯಾಟಿನ ಪಾರ್ಕಿಂಗ್ ದೀಪ ಎಳೆಯುವುದು ಅರ್ಧ ಆಂಪಿಯರಿಗೂ ಕಡಿಮೆ. ಅದಕ್ಕೆ ಈ ಜೋಡಣೆಯಲ್ಲಿ ಆಗುವ ನಷ್ಟ ಲೆಕ್ಕಕ್ಕೇ ಬಾರದು. ಆದರೆ ಸೆಲ್ಫ್ ಮೋಟಾರು 150 ಆಂಪಿಯರು ಎಳೆಯಿತೆನ್ನಿ, ಅದೇ ಜೋಡಣೆಯಲ್ಲಿ 1.5 ವೋಲ್ಟು ಹೋಯಿತು! ಅಂಥ ಎರಡು ಜೋಡಣೆಗಳಿದ್ದರೆ 3 ವೋಲ್ಟು. "ದೀಪ ಚೆನ್ನಾಗಿಯೇ ಉರಿಯುತ್ತಿದೆಯಲ್ಲ ಅಣ್ಣಾ, ಸೆಲ್ಫ್ ಮಾತ್ರ ಏಕೆ ತಿರುಗುವುದಿಲ್ಲ?" ಎಂದು ಕೇಳುವ ತಮ್ಮನಿಗೆ ಈ ಲೆಕ್ಕವೇ ಉತ್ತರ.

ಪರೀಕ್ಷೆಗೆ ಬೇಕಾದ ಉಪಕರಣ ಎರಡೇ. ಒಂದು ಸಾಧಾರಣ ಮಲ್ಟಿಮೀಟರು. ಇನ್ನೊಂದು, ಬ್ರೇಕ್ ದೀಪದ 21 ವ್ಯಾಟಿನ ಬಲ್ಬಿಗೆ ಎರಡು ಉದ್ದ ತಂತಿ ಬೆಸುಗೆ ಹಾಕಿ ನಾವೇ ಮಾಡಿಕೊಳ್ಳುವ ಪರೀಕ್ಷಾ ದೀಪ. ಮೀಟರಿರುವಾಗ ದೀಪವೇಕೆ ಎನ್ನಬಹುದು. ಹತ್ತು ಎಳೆಯಲ್ಲಿ ಒಂಬತ್ತು ತುಂಡಾಗಿ ಒಂದೇ ಎಳೆ ಉಳಿದ ತಂತಿಯಲ್ಲಿಯೂ ಮೀಟರು 12 ವೋಲ್ಟು ತೋರಿಸುತ್ತದೆ, ಏಕೆಂದರೆ ಮೀಟರು ಎಳೆಯುವ ಪ್ರವಾಹ ಇಲ್ಲವೆನ್ನುವಷ್ಟು ಅಲ್ಪ. ಬಲ್ಬಾದರೋ ಸುಮಾರು ಪೌಣೆ ಎರಡು ಆಂಪಿಯರು ಕೇಳುತ್ತದೆ. ಕೊಡಲಾರದ ತಂತಿಯಾದರೆ ಮಂಕಾಗಿ ಉರಿದು ಸತ್ಯ ಹೇಳಿಬಿಡುತ್ತದೆ. ಕೆಲಸವಿಲ್ಲದಾಗ ಎಲ್ಲ ತಂತಿಯೂ ಒಳ್ಳೆಯ ತಂತಿಯೇ. ಹೊರೆ ಹೊರಿಸಿ ನೋಡುವುದೇ ಪರೀಕ್ಷೆ.

ಕೈಹಾಕುವ ಮುನ್ನ ಎರಡು ಎಚ್ಚರಿಕೆ. ಚಾರ್ಜಾಗುತ್ತಿರುವ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲ ಬರುತ್ತದೆ, ಬೀಡಿ ದೂರವಿರಲಿ. ಬ್ಯಾಟರಿ ಬಿಚ್ಚುವಾಗ ಅರ್ತ್ ಕಡೆಯ ತಂತಿಯನ್ನು ಮೊದಲು ಬಿಚ್ಚಬೇಕು, ಕೂಡಿಸುವಾಗ ಕೊನೆಗೆ ಕೂಡಿಸಬೇಕು. ಆಗ ಪಾನಾ ಜಾರಿ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಕೈಯಲ್ಲಿ ಉಂಗುರ, ಲೋಹದ ಗಡಿಯಾರ ಬೇಡ.

ಪರೀಕ್ಷೆಯನ್ನು ಬ್ಯಾಟರಿಯಿಂದಲೇ ಆರಂಭಿಸಬೇಕು. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12 ವೋಲ್ಟಿನ ಬ್ಯಾಟರಿ 12.6ರ ಆಸುಪಾಸು ತೋರಿಸಿದರೆ ತುಂಬಿದೆ ಎಂದರ್ಥ, 12.2 ಎಂದರೆ ಅರ್ಧ. 12ಕ್ಕೂ ಕೆಳಗಿದ್ದರೆ ಬರಿದಾಗಿದೆ, ಚಾರ್ಜು ಮಾಡಿದ ಮೇಲೆಯೇ ಮುಂದಿನ ಮಾತು. ಬರಿದಾದ ಬ್ಯಾಟರಿಯಿಟ್ಟು ಮಾಡಿದ ಪರೀಕ್ಷೆಯೆಲ್ಲ ಸುಳ್ಳು ಹೇಳುತ್ತದೆ. ಟರ್ಮಿನಲ್ಲಿನ ಬಿಳಿ ನೀಲಿ ಕಿಲುಬನ್ನು ಬಿಸಿನೀರಿನಲ್ಲಿ ಅಡುಗೆ ಸೋಡ ಕಲಸಿ ತೊಳೆದು, ಉಪ್ಪುಕಾಗದದಿಂದ ಉಜ್ಜಬೇಕು. ಸೋಡದ ನೀರು ಬ್ಯಾಟರಿಯ ಒಳಗೆ ಬೀಳಬಾರದು.

ಮುಂದಿನದು ಮುಖ್ಯವಾದ ಪರೀಕ್ಷೆ. ಗೇರು ನ್ಯೂಟ್ರಲ್ಲಿನಲ್ಲಿಟ್ಟು ಹ್ಯಾಂಡ್ ಬ್ರೇಕ್ ಹಾಕಿ. ಎಂಜಿನ್ ಚಾಲೂ ಆಗದಂತೆ ಪೆಟ್ರೋಲ್ ಗಾಡಿಯಾದರೆ ಕಾಯಿಲ್‌ಗೆ ಹೋಗುವ ಸ್ವಿಚ್ಚಿನ ತಂತಿ ಬಿಚ್ಚಿ, ಡೀಸೆಲ್ ಆದರೆ ಸ್ಟಾಪ್ ಗುಂಡಿ ಎಳೆದು ಹಿಡಿಯಿರಿ. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ತಂತಿಯ ಕ್ಲಾಂಪಿಗಲ್ಲ, ಸೀಸದ ಕಂಬಕ್ಕೇ ಒತ್ತಬೇಕು. ಇನ್ನೊಂದನ್ನು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಜಾಗಕ್ಕೆ. ಜೊತೆಯವರು ಮೂರು ನಾಲ್ಕು ಸೆಕೆಂಡು ಸೆಲ್ಫ್ ಹೊಡೆಯಲಿ. ಎರಡೂ ಒಂದೇ ದಾರಿಯ ಎರಡು ತುದಿಗಳಾದ್ದರಿಂದ ಮೀಟರು ಸೊನ್ನೆಯ ಹತ್ತಿರವೇ ಇರಬೇಕು. 0.2 ವೋಲ್ಟಿನೊಳಗಿದ್ದರೆ ಒಳ್ಳೆಯದು. ಅರ್ಧ ವೋಲ್ಟು, ಒಂದು ವೋಲ್ಟು ತೋರಿಸಿದರೆ ಅರ್ತ್ ದಾರಿಯಲ್ಲಿ ಕಳ್ಳನಿದ್ದಾನೆ. ಅವನನ್ನು ಹಿಡಿಯುವುದೂ ಸುಲಭ: ಮೀಟರಿನ ಮೊನೆಯನ್ನು ಕಂಬದಿಂದ ಕ್ಲಾಂಪಿಗೆ, ಕ್ಲಾಂಪಿನಿಂದ ಛಾಸಿಯ ಬೋಲ್ಟಿಗೆ, ಬೋಲ್ಟಿನಿಂದ ಎಂಜಿನ್ನಿನ ಪಟ್ಟಿಗೆ ಹೆಜ್ಜೆ ಹೆಜ್ಜೆಯಾಗಿ ಸರಿಸುತ್ತ ಸೆಲ್ಫ್ ಹೊಡೆಸುತ್ತ ಹೋದರೆ, ಯಾವ ಹೆಜ್ಜೆಯಲ್ಲಿ ಅಂಕಿ ದಿಢೀರನೆ ಇಳಿಯುತ್ತದೆಯೋ ಆ ಹೆಜ್ಜೆಯಲ್ಲಿಯೇ ದೋಷ.

ಪ್ಲಸ್ ಕಡೆಯಲ್ಲಿಯೂ ಇದೇ ಕ್ರಮ: ಬ್ಯಾಟರಿಯ ಪ್ಲಸ್ ಕಂಬದಿಂದ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿನವರೆಗೆ. ಇಲ್ಲಿ ನಡುವೆ ಸ್ವಿಚ್ಚು ಇರುವುದರಿಂದ ಅರ್ಧ ವೋಲ್ಟಿನವರೆಗೆ ಕ್ಷಮಿಸಬಹುದು. ಹಳೆಯ ಜೀಪುಗಳಲ್ಲಿ ಕಾಲಿನಿಂದ ಒತ್ತುವ ಸ್ವಿಚ್ಚಿತ್ತು, ಅದರೊಳಗಿನ ತಾಮ್ರದ ಬಿಲ್ಲೆ ಸುಟ್ಟು ಕಪ್ಪಾಗುವುದು ಸಾಮಾನ್ಯ. ಎರಡು ಕಡೆಯ ದಾರಿಯೂ ಸರಿಯಿದ್ದು, ಸೆಲ್ಫ್ ಹೊಡೆಯುವಾಗ ಬ್ಯಾಟರಿ 10 ವೋಲ್ಟಿಗಿಂತ ಕೆಳಗೆ ಇಳಿಯದೆ ಇದ್ದು, ಆಗಲೂ ಮೋಟಾರು ಎಳೆಯದಿದ್ದರೆ, ಆಗ ಮೋಟಾರು ಬಿಚ್ಚಿಸಿ. ಅದಕ್ಕೆ ಮುಂಚೆ ಬೇಡ.

ದೀಪದ ವಿಷಯಕ್ಕೆ ಬರೋಣ. ಬಲ್ಬಿಗೆ ತಲಪುವ ವೋಲ್ಟು ಹತ್ತಕ್ಕೆ ಒಂದು ಪಾಲು ಕಡಿಮೆಯಾದರೆ ಬೆಳಕು ಕೇವಲ ಹತ್ತಕ್ಕೆ ಒಂದು ಪಾಲು ಕಡಿಮೆಯಾಗುವುದಿಲ್ಲ, ಸುಮಾರು ಮೂರು ಪಾಲು ಹೋಗುತ್ತದೆ. ಹಳೆಯ ಜೀಪಿನಲ್ಲಿ ಹೆಡ್‌ಲೈಟಿನ ಪ್ರವಾಹ ಬ್ಯಾಟರಿಯಿಂದ ಆಮೀಟರಿಗೆ, ಅಲ್ಲಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಕಾಲಿನ ಡಿಪ್ಪರಿಗೆ, ಮತ್ತೆ ಮುಂದಕ್ಕೆ ದೀಪಕ್ಕೆ ಎಂದು ಊರೆಲ್ಲ ಸುತ್ತಿ ಬರುತ್ತದೆ. 1 ಚದರ ಮಿಲಿಮೀಟರಿನ ತಾಮ್ರದ ತಂತಿ 4 ಮೀಟರ್ ಇದ್ದರೆ ಅದರ ತಡೆ ಸುಮಾರು 0.07 ಓಮ್. 60 ವ್ಯಾಟಿನ ಎರಡು ಬಲ್ಬುಗಳು 10 ಆಂಪಿಯರು ಎಳೆಯುವುದರಿಂದ ತಂತಿಯೊಂದರಲ್ಲಿಯೇ 0.7 ವೋಲ್ಟು ಹೋಗುತ್ತದೆ. ಸ್ವಿಚ್ಚು, ಡಿಪ್ಪರು, ಅರ್ತ್ ಇವುಗಳ ಪಾಲು ಬೇರೆ.

ಜನ ಇದಕ್ಕೆ 100 ವ್ಯಾಟಿನ ಬಲ್ಬು ಹಾಕುತ್ತಾರೆ. ಇದು ತಪ್ಪು ಮದ್ದು. ಪ್ರವಾಹ ಹೆಚ್ಚಿ ನಷ್ಟವೂ ಹೆಚ್ಚುತ್ತದೆ, ಸ್ವಿಚ್ಚು ಕರಗುತ್ತದೆ. ಸರಿಯಾದ ಮದ್ದು ರಿಲೇ. ಹಳೆಯ ಸ್ವಿಚ್ಚಿನ ತಂತಿ ರಿಲೇಯನ್ನು ಎಬ್ಬಿಸುವ ಅಲ್ಪ ಕೆಲಸ ಮಾಡಿದರೆ ಸಾಕು. ದೀಪದ ಪ್ರವಾಹ ಬ್ಯಾಟರಿಯಿಂದ ಫ್ಯೂಸು, ರಿಲೇ ದಾಟಿ ನೇರವಾಗಿ ದೀಪಕ್ಕೆ ಹೋಗುತ್ತದೆ. ರಿಲೇಯ ಕಾಲುಗಳ ಮೇಲೆ ಸಂಖ್ಯೆಗಳಿರುತ್ತವೆ. 30ಕ್ಕೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ ಬರುವ ತಂತಿ, 87ರಿಂದ ದೀಪಕ್ಕೆ, 86ಕ್ಕೆ ಹಳೆಯ ಡಿಪ್ಪರಿನ ತಂತಿ, 85 ಅರ್ತ್‌ಗೆ. ಹೈ ಬೀಮಿಗೊಂದು, ಲೋ ಬೀಮಿಗೊಂದು ರಿಲೇ. ತಂತಿ 2.5 ಚದರ ಮಿಲಿಮೀಟರಿನದು, ಫ್ಯೂಸು 15 ಆಂಪಿಯರಿನದು, ಅದೂ ಬ್ಯಾಟರಿಗೆ ಹತ್ತಿರದಲ್ಲಿ. ದೀಪದ ಅರ್ತನ್ನು ರೇಡಿಯೇಟರ್ ಮುಂದಿನ ತಗಡಿಗೆ ನಂಬಿ ಬಿಡದೆ ಬೇರೆ ತಂತಿಯಿಂದ ಛಾಸಿಗೆ ತಂದರೆ ಕೆಲಸ ಪೂರ್ತಿಯಾಯಿತು. ಆಗುಂಬೆಯ ಮಂಜಿನಲ್ಲಿ ಬಲ್ಬು ಬದಲಿಸದೆಯೇ ವ್ಯತ್ಯಾಸ ಕಾಣುತ್ತದೆ.

ಡೈನಮೋ ತೆಗೆದು ಆಲ್ಟರ್ನೇಟರು ಹಾಕಿಸುವುದು ಒಳ್ಳೆಯ ಸುಧಾರಣೆಯೇ. ಎಂಜಿನ್ ನಿಧಾನವಾಗಿ ಓಡುವಾಗ ಡೈನಮೋ ಹೆಚ್ಚುಕಡಿಮೆ ಏನನ್ನೂ ಕೊಡುವುದಿಲ್ಲ. ಘಾಟಿಯಲ್ಲಿ ಲೋ ಗೇರಿನಲ್ಲಿ ತೆವಳುವ ಜೀಪಿಗೆ ಆ ಕೊರತೆ ದೊಡ್ಡದು. ಆಲ್ಟರ್ನೇಟರು ಆಗಲೂ ಕೊಡುತ್ತದೆ, ಅದರೊಳಗಿನ ಡಯೋಡುಗಳು ಪ್ರವಾಹ ಹಿಂದೆ ಹರಿಯದಂತೆ ತಡೆಯುವುದರಿಂದ ಹಳೆಯ ಕಟ್‌ಔಟ್ ಪೆಟ್ಟಿಗೆಯೂ ಬೇಡವಾಗುತ್ತದೆ. ಆದರೆ ಮೂರು ವಿಷಯ ನೋಡದೆ ಹಾಕಿಸಬಾರದು.

ಒಂದು, ಆಮೀಟರು. ಹಳೆಯ ಡ್ಯಾಶ್‌ಬೋರ್ಡಿನ ಆಮೀಟರು ಸಾಮಾನ್ಯವಾಗಿ 30 ಆಂಪಿಯರಿನದು. ಹೊಸ ಯಂತ್ರ 55, 60 ಆಂಪಿಯರು ಕೊಡಬಲ್ಲದು. ಅಷ್ಟೂ ಹಳೆಯ ತಂತಿಯಲ್ಲಿ ಡ್ಯಾಶ್‌ಬೋರ್ಡಿಗೆ ಹೋಗಿ ಬಂದರೆ ಬೆಂಕಿಗೆ ಆಹ್ವಾನ. ಆಲ್ಟರ್ನೇಟರಿನಿಂದ ಬ್ಯಾಟರಿಗೆ ದಪ್ಪ ತಂತಿಯನ್ನು ತಕ್ಕ ಫ್ಯೂಸಿನೊಡನೆ ನೇರವಾಗಿ ಎಳೆದು, ಆಮೀಟರಿನ ಜಾಗದಲ್ಲಿ ವೋಲ್ಟ್‌ಮೀಟರು ಕೂರಿಸಬೇಕು. ಓಡುವಾಗ ಅದು 13.8ರಿಂದ 14.4ರ ನಡುವೆ ನಿಂತರೆ ಕ್ಷೇಮ. 15ರ ಕಡೆ ಹೋದರೆ ರೆಗ್ಯುಲೇಟರು ಕೆಟ್ಟಿದೆ, ಬ್ಯಾಟರಿ ಕುದಿಯುತ್ತದೆ. ಎರಡು, ಚಾರ್ಜಿಂಗಿನ ಕೆಂಪು ದೀಪ. ಅನೇಕ ಆಲ್ಟರ್ನೇಟರುಗಳಿಗೆ ಮೊದಲ ಪ್ರಚೋದನೆ ಆ ಪುಟ್ಟ ಬಲ್ಬಿನ ಮೂಲಕವೇ ಬರುತ್ತದೆ. ಬಲ್ಬು ಸುಟ್ಟರೆ ಯಂತ್ರ ಚಾರ್ಜು ಮಾಡಲು ಎಚ್ಚರಗೊಳ್ಳುವುದಿಲ್ಲ. ಎರಡು ರೂಪಾಯಿಯ ದೋಷಕ್ಕೆ ಎರಡು ಸಾವಿರದ ಸಾಮಾನು ಬಿಚ್ಚುವುದು ಇಲ್ಲಿಯೇ. ಮೂರು, ಅರ್ತ್ ಯಾವ ಕಡೆಯದು ಎಂಬುದು. ಜೀಪಿನದು ಮೈನಸ್ ಅರ್ತ್; ಇಂಗ್ಲೆಂಡಿನ ಲ್ಯಾಂಡ್ ರೋವರುಗಳಲ್ಲಿ 1960ರ ದಶಕದವರೆಗೆ ಪ್ಲಸ್ ಅರ್ತ್ ಇತ್ತು. ತಿರುವುಮುರುವಾಗಿ ಕೂಡಿಸಿದರೆ ಡಯೋಡುಗಳು ಕ್ಷಣದಲ್ಲಿ ಸುಡುತ್ತವೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಕಿತ್ತು "ಚಾರ್ಜಾಗುತ್ತಿದೆಯೇ" ಎಂದು ನೋಡುವ ಹಳೆಯ ಅಭ್ಯಾಸವನ್ನೂ ಆಲ್ಟರ್ನೇಟರು ಸಹಿಸದು. ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಅದರ ತಂತಿಗಳನ್ನು ಬಿಚ್ಚಿಸಿಡಬೇಕು.

6 ವೋಲ್ಟಿನ ಗಾಡಿ ಇನ್ನೂ ಯಾರ ಬಳಿಯಾದರೂ ಇದ್ದರೆ 12ಕ್ಕೆ ಏರಿಸುವುದೇ ಲೇಸು. ಅಷ್ಟೇ ವ್ಯಾಟಿಗೆ ಪ್ರವಾಹ ಅರ್ಧವಾಗುತ್ತದೆ, ದಾರಿಯ ನಷ್ಟದ ಪಾಲು ನಾಲ್ಕರಲ್ಲೊಂದಕ್ಕೆ ಇಳಿಯುತ್ತದೆ. ತಂತಿ ಗಟ್ಟಿಯಿದ್ದರೆ ಅದನ್ನೇ ಇಟ್ಟುಕೊಳ್ಳಬಹುದು. ಬಲ್ಬು, ಕಾಯಿಲ್, ಹಾರನ್ನು, ಪೆಟ್ರೋಲಿನ ಗೇಜು ಬದಲಾಗಬೇಕು.

ಫ್ಯೂಸಿನ ಜಾಗಕ್ಕೆ ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ ಸುತ್ತುವವರ ವಿಷಯ ಹೇಳದಿರುವುದೇ ಮೇಲು. ಫ್ಯೂಸು ಸುಟ್ಟರೆ ತಂತಿ ಎಲ್ಲಿಯೋ ಉಜ್ಜಿ ಬಾಡಿಗೆ ತಾಗುತ್ತಿದೆ ಎಂದರ್ಥ. ಜೀಪಿನಲ್ಲಿ ತಗಡಿನ ತೂತುಗಳಲ್ಲಿ ತಂತಿ ನುಸುಳುವಲ್ಲೆಲ್ಲ ರಬ್ಬರಿನ ಬಳೆ ಇರಬೇಕು. ಮೊದಲು ಅಲ್ಲಿ ಹುಡುಕಿ.

ನಿಂತ ಗಾಡಿಯಲ್ಲಿ ಬ್ಯಾಟರಿ ಬರಿದಾಗುತ್ತಿದ್ದರೆ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಮೈನಸ್ ತಂತಿ ಬಿಚ್ಚಿ, ಕಂಬಕ್ಕೂ ತಂತಿಗೂ ನಡುವೆ ಪರೀಕ್ಷಾ ದೀಪ ಹಿಡಿಯಬೇಕು. ದೀಪ ಮಿಣುಕಿದರೂ ಎಲ್ಲಿಯೋ ಸೋರಿಕೆಯಿದೆ. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು, ಯಾವುದನ್ನು ಕಿತ್ತಾಗ ದೀಪ ಆರಿತೋ ಆ ದಾರಿ ಹಿಡಿದು ಹೋಗಬೇಕು. ಒಂದೂ ಆರಿಸದಿದ್ದರೆ ಡೈನಮೋ ಅಥವಾ ಆಲ್ಟರ್ನೇಟರಿನ ದಪ್ಪ ತಂತಿ ಬಿಚ್ಚಿ ನೋಡಿ. ಕಚ್ಚಿಕೊಂಡ ಕಟ್‌ಔಟು, ಸುಟ್ಟ ಡಯೋಡು ಅಲ್ಲಿ ಸಿಗುತ್ತವೆ. ಸೋರಿಕೆ ತೀರ ಅಲ್ಪವಾದರೆ ಬಲ್ಬು ಉರಿಯದು. ಆಗ ಬಲ್ಬಿನ ಜಾಗದಲ್ಲಿ ಮೀಟರನ್ನು ಆಂಪಿಯರಿಗೆ ತಿರುಗಿಸಿ ಕೂಡಿಸಬೇಕು, ಮತ್ತು ಆ ಸ್ಥಿತಿಯಲ್ಲಿ ಮರೆತೂ ಸೆಲ್ಫ್ ಹೊಡೆಯಬಾರದು.

ಕೆಲಸ ಮುಗಿದ ಮೇಲೆ ಯಾವ ಬಣ್ಣದ ತಂತಿ ಎಲ್ಲಿಂದ ಎಲ್ಲಿಗೆ, ಯಾವ ಫ್ಯೂಸು ಎಷ್ಟು ಆಂಪಿಯರಿನದು, ಬ್ಯಾಟರಿ ಹಾಕಿದ ತಾರೀಖು, ಆ ದಿನ ಮೀಟರು ತೋರಿಸಿದ ಅಂಕಿಗಳು, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಗಾಡಿಯಲ್ಲಿಯೇ ಇಡಬೇಕು. ಗ್ಯಾರೇಜಿನವರಿಗೆ ಬರೆಯುವ ಪುರುಸೊತ್ತು ಇರುವುದಿಲ್ಲ. ಅಂದವಾಗಿ ಬರೆಯುವ ಗುಮಾಸ್ತ ಬಂಧುಗಳು ರಜೆಯಲ್ಲಿ ಊರಿಗೆ ಹೋದಾಗ ತಮ್ಮನ ಪಕ್ಕದಲ್ಲಿ ಕೂತು ಈ ಕೆಲಸ ಮಾಡಿಕೊಡಬಹುದು.