ದುಡಿದ ಮೈಗೆ ಅಭ್ಯಂಗದ ಆರೈಕೆ

ಕಾಯಕವನ್ನು ಪೂಜೆಯೆಂದು ತಿಳಿದ ಸದ್ಭಕ್ತರಿಗೆ ಮೈಕೈ ನೋವು ಹೊಸದಲ್ಲ. ಹೊನ್ನಾಳಿ, ನ್ಯಾಮತಿ ಭಾಗದಲ್ಲಿ ಬಗ್ಗಿ ಭತ್ತ ನಾಟಿ ಮಾಡಿದವರು, ಚನ್ನಗಿರಿಯ ತೋಟಗಳಲ್ಲಿ ಅಡಿಕೆ ಮರ ಹತ್ತಿ ಇಳಿದವರು, ಜಗಳೂರಿನ ಹೊಲಗಳಲ್ಲಿ ಮೆಕ್ಕೆಜೋಳ ಮುರಿದವರು, ಹೊಸದಾಗಿ ಜಿಮ್ ಸೇರಿದ ತರುಣರು, ಎಲ್ಲರೂ ನಮ್ಮಲ್ಲಿ ಹೇಳುವುದು ಒಂದೇ ಮಾತು: "ದುಡಿದ ದಿನ ಏನೂ ಅನಿಸಲಿಲ್ಲ, ಮರುದಿನ ಏಳಲಾಗಲಿಲ್ಲ."

ರೂಢಿಯಿಲ್ಲದ ಶ್ರಮದಿಂದ ಸ್ನಾಯುವಿನ ಎಳೆಗಳಲ್ಲಿ ಅತಿಸೂಕ್ಷ್ಮ ಗಾಯಗಳಾಗುತ್ತವೆ. ದೇಹವು ಅವುಗಳನ್ನು ದುರಸ್ತಿ ಮಾಡುವಾಗ ಬಾವು, ನೋವು ತೋರುತ್ತವೆ. ಈ ನೋವು ಸಾಮಾನ್ಯವಾಗಿ 12ರಿಂದ 24 ಗಂಟೆಗಳಲ್ಲಿ ಆರಂಭವಾಗಿ, ಎರಡು ಮೂರನೆಯ ದಿನ ಹೆಚ್ಚಾಗಿ, ವಾರದೊಳಗೆ ಶಮನವಾಗುತ್ತದೆ. ಲ್ಯಾಕ್ಟಿಕ್ ಆಮ್ಲವೇ ಇದಕ್ಕೆ ಕಾರಣವೆಂಬ ನಂಬಿಕೆ ಸರಿಯಲ್ಲ. ಶ್ರಮ ನಿಲ್ಲಿಸಿದ ಒಂದೆರಡು ಗಂಟೆಗಳಲ್ಲಿಯೇ ಅದು ರಕ್ತದಲ್ಲಿ ಸಹಜ ಮಟ್ಟಕ್ಕೆ ಇಳಿದಿರುತ್ತದೆ. ಬೆಟ್ಟ ಹತ್ತುವುದಕ್ಕಿಂತ ಇಳಿದಾಗಲೇ ತೊಡೆ ಹೆಚ್ಚು ನೋಯುತ್ತದೆ. ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕಾಗುವುದೇ ಇದರ ಕಾರಣ.

ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ದಿನಚರ್ಯಾ ಅಧ್ಯಾಯದಲ್ಲಿ ಅಭ್ಯಂಗವು ಶ್ರಮವನ್ನೂ ವಾತವನ್ನೂ ಶಮನಗೊಳಿಸುತ್ತದೆ ಎಂದಿದ್ದಾರೆ. ವ್ಯಾಯಾಮದ ನಂತರ ಸುಖವೆನಿಸುವಂತೆ ಮೈಯೆಲ್ಲ ಮರ್ದಿಸಬೇಕೆಂದೂ ವಿಧಿಸಿದ್ದಾರೆ. ಇಲ್ಲಿ "ಸುಖವೆನಿಸುವಂತೆ" ಎಂಬುದನ್ನು ಮರೆಯಬಾರದು. ಕಿರುಚುವಷ್ಟು ಒತ್ತಿದರೆ ಗಾಯಗೊಂಡ ಎಳೆಗಳು ಮತ್ತಷ್ಟು ನೊಂದಾವು.

ಎಳ್ಳೆಣ್ಣೆಯನ್ನು ಉಗುರುಬೆಚ್ಚಗೆ ಮಾಡಿ, ಕೈಕಾಲುಗಳಿಗೆ ಉದ್ದಕ್ಕೆ, ಕೀಲುಗಳಿಗೆ ವೃತ್ತಾಕಾರವಾಗಿ, 10ರಿಂದ 15 ನಿಮಿಷ ಹದವಾಗಿ ತಿಕ್ಕಬೇಕು. ಅರ್ಧ ಗಂಟೆಯ ನಂತರ ಬಿಸಿನೀರಿನ ಸ್ನಾನ ಮಾಡಬೇಕು. ಬಚ್ಚಲಲ್ಲಿ ಎಣ್ಣೆಯ ಕಾಲು ಜಾರದಂತೆ ವೃದ್ಧರು ಎಚ್ಚರ ವಹಿಸಬೇಕು. ಜ್ವರ, ಅಜೀರ್ಣಗಳಿದ್ದಾಗ ಅಭ್ಯಂಗ ಬೇಡ.

ಇಂದಿನ ತರುಣರು ಬಳಸುವ ಫೋಮ್ ರೋಲರ್ ಎಂಬ ಉರುಳೆಯೂ ಒಂದು ಬಗೆಯ ಮರ್ದನವೇ. ಅದನ್ನು ನೆಲದ ಮೇಲಿಟ್ಟು, ತೊಡೆ ಅಥವಾ ಮೀನಖಂಡವನ್ನು ಅದರ ಮೇಲಿರಿಸಿ, ಒಂದೊಂದು ಭಾಗವನ್ನು ಅರ್ಧದಿಂದ ಒಂದು ನಿಮಿಷ ನಿಧಾನವಾಗಿ ಉರುಳಿಸಬೇಕು. ಮೂಳೆ, ಕೀಲು, ಸೊಂಟದ ಬೆನ್ನೆಲುಬುಗಳ ಮೇಲೆ ಉರುಳಿಸಬಾರದು. ಉರುಳೆ ಇಲ್ಲದವರು ಮನೆಯ ಲಟ್ಟಣಿಗೆಯನ್ನು ತೊಡೆಯ ಮೇಲೆ ಹಗುರವಾಗಿ ಆಡಿಸಬಹುದು. ಇವೆರಡೂ ನೋವನ್ನು ತಕ್ಕಮಟ್ಟಿಗೆ ತಗ್ಗಿಸುತ್ತವೆಯೇ ಹೊರತು ಗಾಯವನ್ನು ಬೇಗ ಮಾಯಿಸುವುದಿಲ್ಲ. ಆ ಕೆಲಸ ನಿದ್ರೆ, ಆಹಾರ ಮತ್ತು ಕಾಲದ್ದು.

ಎಲ್ಲ ನೋವಿಗೂ ಎಣ್ಣೆ ತಿಕ್ಕುವುದು ಸಲ್ಲದು. ಒಂದೇ ಕಾಲಿನ ಮೀನಖಂಡ ಊದಿ, ಕೆಂಪಾಗಿ, ಬಿಸಿಯಾಗಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಸಂಭವವಿದೆ. ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಿ ಪ್ರಾಣಕ್ಕೇ ಕುತ್ತಾಗಬಹುದು. ಅತಿಶ್ರಮದ ನಂತರ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಗಳಿಗೆ ಅಪಾಯ. ಇವೆರಡರಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ವಾರ ಕಳೆದರೂ ಮಾಸದ ನೋವನ್ನು ವೈದ್ಯರಿಗೆ ತೋರಿಸಬೇಕು. ಬೆವರಿ ಬಳಲಿದ ದೇಹಕ್ಕೆ ನೀರು ಕೊಡದೆ ನೋವಿನ ಮಾತ್ರೆ ನುಂಗುವುದೂ ಮೂತ್ರಪಿಂಡಗಳಿಗೆ ಹಾನಿಕರ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ಬಿಸಿನೀರು, ಬಿಸಿ ಎಣ್ಣೆಗಳ ಹದವನ್ನು ಮನೆಯವರಿಂದ ನೋಡಿಸಿಕೊಳ್ಳಬೇಕು.

ನೋವು ಬರದಂತೆ ನೋಡಿಕೊಳ್ಳುವುದೇ ಮೇಲು. ಬಲದ ಅರ್ಧದಷ್ಟೇ ವ್ಯಾಯಾಮ ಮಾಡಬೇಕೆಂಬುದು ಶಾಸ್ತ್ರದ ಮಾತು. ಒಮ್ಮೆ ಹದವಾಗಿ ನೊಂದು ಮಾಗಿದ ಸ್ನಾಯು ಮರುಬಾರಿ ಅದೇ ಶ್ರಮಕ್ಕೆ ಅಷ್ಟು ನೋಯದು. ಆದ್ದರಿಂದ ಪಾದಯಾತ್ರೆ ಕೈಗೊಳ್ಳುವ ಭಕ್ತರು ಎರಡು ಮೂರು ವಾರ ಮೊದಲೇ ದಿನದಿನಕ್ಕೆ ನಡಿಗೆಯನ್ನು ಸ್ವಲ್ಪಸ್ವಲ್ಪ ಹೆಚ್ಚಿಸಿಕೊಂಡು ಹೊರಡುವುದು ಒಳಿತು.