ಗೋಡೆಯ ಸಂದಿ ಮುಚ್ಚೋಣ

ಜೂನ್ 7-8ಕ್ಕೆ ಮಿರಗ ಕೂಡುತ್ತದೆ. ಬೀಜ, ಗೊಬ್ಬರ ಹೊಂದಿಸುತ್ತೀರಿ. ಹಾಗೆಯೇ ಮನೆಯ ಸುತ್ತ ಒಮ್ಮೆ ತಿರುಗಿ ಗೋಡೆಯನ್ನೂ ನೋಡ್ರಿ.

ಅಕ್ಕಲಕೋಟೆ ಕಡೆ ಇನ್ನೂ ಕಲ್ಲು-ಮಣ್ಣಿನ ಮನೆಗಳಿವೆ. ಎರೆ ನೆಲ ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಮಳೆ ಬಿದ್ದಾಗ ಉಬ್ಬುತ್ತದೆ. ಅದರ ಮೇಲೆ ನಿಂತ ಗೋಡೆಯೂ ಬಿರುಕು ಬಿಡುತ್ತದೆ. ಬಾಗಿಲ ಚೌಕಟ್ಟಿನ ಪಕ್ಕ ಸಂದಿ ಬೀಳುತ್ತದೆ. ಇಲಿ, ಹೆಗ್ಗಣ ತೂತು ಕೊರೆಯುತ್ತವೆ.

"ಸಣ್ಣ ತೂತು, ಏನಾಗ್ತದ ಬಿಡ್ರಿ" ಅನ್ನಬೇಡಿ. ಪೆನ್ಸಿಲ್ ತೂರುವಷ್ಟು ಸಂದಿ ಇದ್ದರೂ ಚಿಕ್ಕ ಇಲಿ ಒಳಗೆ ಬರುತ್ತದೆ. ಇಲಿಯ ಹಿಂದೆ ಹಾವು ಬರುತ್ತದೆ. ಕಪ್ಪು ಮೈಗೆ ಬಿಳಿ ಪಟ್ಟೆಯ ಕಟ್ಟುಹಾವು ರಾತ್ರಿ ತಿರುಗುತ್ತದೆ. ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಎಷ್ಟೋ ಸಲ ನೋವೇ ಗೊತ್ತಾಗುವುದಿಲ್ಲ.

ಬೇಕಾದ ಸಾಮಾನು: ಬಿಳಿ ಮಣ್ಣು ಇಲ್ಲವೇ ಕೆಂಪು ಮಣ್ಣು, ಹೊಟ್ಟು, ಸಗಣಿ, ಕಲ್ಲಿನ ಚಕ್ಕೆ, ನೀರು. ಎರೆ ಮಣ್ಣು ಬೇಡ. ಅದು ಒಣಗಿದರೆ ಮತ್ತೆ ಬಿರಿಯುತ್ತದೆ.

ಮಾಡುವ ಬಗೆ:

1. ಮಣ್ಣಿಗೆ ಹೊಟ್ಟು ಬೆರೆಸಿ ಎರಡು-ಮೂರು ದಿನ ನೆನೆಸಿ. ಸಗಣಿ ಹಾಕಿ ಚೆನ್ನಾಗಿ ತುಳಿಯಿರಿ.
2. ತೂತಿನೊಳಗೆ ಬರಿಗೈ ಹಾಕಬೇಡಿ. ಚೇಳು ಇರಬಹುದು. ಕೋಲಿನಿಂದ ಕೆದರಿ ಸಡಿಲ ಮಣ್ಣು ತೆಗೆಯಿರಿ.
3. ಸಂದಿಗೆ ನೀರು ಚಿಮುಕಿಸಿ. ಇಲ್ಲದಿದ್ದರೆ ಒಣ ಗೋಡೆ ಹೊಸ ಮಣ್ಣಿನ ನೀರು ಹೀರುತ್ತದೆ. ಮೆತ್ತಿದ್ದು ಕಳಚಿ ಬೀಳುತ್ತದೆ.
4. ದೊಡ್ಡ ತೂತಿಗೆ ಕಲ್ಲಿನ ಚಕ್ಕೆ ಒತ್ತಿ ತುಂಬಿರಿ. ಬರೀ ಮಣ್ಣಾದರೆ ಇಲಿ ಮತ್ತೆ ಕೊರೆಯುತ್ತದೆ.
5. ಮಣ್ಣನ್ನು ಪದರು ಪದರಾಗಿ ಮೆತ್ತಿರಿ. ಒಂದು ಪದರು ಒಣಗಿದ ಮೇಲೆ ಇನ್ನೊಂದು. ಇದಕ್ಕೆ ದಿನ ಹಿಡಿಯುತ್ತದೆ. ಮೇ ತಿಂಗಳಲ್ಲೇ ಶುರು ಮಾಡಿ.

"ಸಿಮೆಂಟ್ ಗಟ್ಟಿ ಅಲ್ಲೇನ್ರಿ?" ಅಂತ ಕೇಳಬಹುದು. ಗಟ್ಟಿಯೇ. ಇಟ್ಟಿಗೆ-ಸಿಮೆಂಟಿನ ಗೋಡೆಗೆ ಅದೇ ಸರಿ. ಆದರೆ ಮಣ್ಣು ಹಸಿಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಸಿಮೆಂಟ್ ಅದರ ಜೊತೆ ಹೊಂದುವುದಿಲ್ಲ. ನಡುವೆ ಸಂದಿ ಬಿಟ್ಟು ನೀರು ಇಳಿಯುತ್ತದೆ. ಇಳಿದ ನೀರು ಬೇಗ ಒಣಗುವುದಿಲ್ಲ. ಒಳಗಿನ ಮಣ್ಣು ಸಡಿಲಾಗುತ್ತದೆ.

ಎಲ್ಲ ಬಿರುಕೂ ಮೆತ್ತಿದರೆ ಮುಗಿಯುವುದಿಲ್ಲ. ಮನೆಯ ಒಳಮಗ್ಗುಲಿಗೆ ಬಿರುಕಿನ ಮೇಲೆ ಕಾಗದದ ಪಟ್ಟಿ ಅಂಟಿಸಿ. ಅದರ ಮೇಲೆ ನಿಮ್ಮ ಕೈಯಾರೆ ತಾರೀಖು ಬರೆಯಿರಿ. ಕೆಲವು ವಾರ ನೋಡಿ. ಕಾಗದ ಹರಿದರೆ ಬಿರುಕು ಬೆಳೆಯುತ್ತಿದೆ ಎಂದರ್ಥ. ಗೋಡೆ ಹೊಟ್ಟೆ ಬಿಟ್ಟಿದ್ದರೆ ಇನ್ನೂ ಅಪಾಯ. ಅದರ ಹತ್ತಿರ ಯಾರೂ ಮಲಗಬೇಡಿ. ಕೂಡಲೇ ತಿಳಿದ ಗೌಂಡಿಯನ್ನು ಕರೆಯಿರಿ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿ ಕಡೆ ಭೂಕಂಪವಾಯಿತು. ಏಳು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಯೂ ದಪ್ಪ ಕಲ್ಲು-ಮಣ್ಣಿನ ಗೋಡೆಗಳು, ಮೇಲೆ ಮಣ್ಣಿನ ಭಾರದ ಮಾಳಿಗೆ. ಗೋಡೆಯ ಒಳಮೈ, ಹೊರಮೈ ಬಿಗಿಯುವ ಉದ್ದನೆಯ ಕಟ್ಟುಗಲ್ಲು ಬಹಳ ಮನೆಗಳಲ್ಲಿ ಇರಲಿಲ್ಲ. ಗೋಡೆಗಳು ಸೀಳಿ ಬಿದ್ದವು. ಗೌಂಡಿ ಬಂದಾಗ "ಕಟ್ಟುಗಲ್ಲು ಅದಾವೇನು?" ಎಂದು ಕೇಳಿ.

ಹೊಸ ಪದಗಳು
ಬಿರುಕು – ಸೀಳು
ಪದರು – ಒಂದರ ಮೇಲೊಂದು ಮೆತ್ತಿದ ಥರ
ಕಟ್ಟುಗಲ್ಲು – ಗೋಡೆಯ ಎರಡೂ ಮೈಗೆ ಮುಟ್ಟುವ ಉದ್ದ ಕಲ್ಲು

ಉತ್ತರ ಬರೆಯಿರಿ
1. ಸಂದಿ ತುಂಬಲು ಎರೆ ಮಣ್ಣು ಏಕೆ ಬೇಡ?
2. ಬಿರುಕಿನ ಮೇಲಿನ ಕಾಗದ ಹರಿದರೆ ಏನು ಮಾಡಬೇಕು?

ಮಾಡಿ ನೋಡಿ
ನಿಮ್ಮ ಮನೆಯ ಹೊರಗೋಡೆಯಲ್ಲಿ ಎಷ್ಟು ಸಂದಿ ಇವೆ? ಎಲ್ಲೆಲ್ಲಿ ಇವೆ? ಎಣಿಸಿ, ಪಟ್ಟಿ ಬರೆದು ತನ್ನಿ.